ಅರಿಸಿನದ ಪುಡಿಯೋ, ಸತ್ವವೋ, ಗುಳಿಗೆಯೋ?

ಔಷಧದ ಅಂಗಡಿಗೆ ಹೋಗಿ ಅರಿಸಿನದ ಗುಳಿಗೆ ಬೇಕೆಂದು ಕೇಳಿದರೆ ಅಂಗಡಿಯವರು ಇಂದು ಒಂದಲ್ಲ, ನಾಲ್ಕೈದು ಡಬ್ಬಿಗಳನ್ನು ಮುಂದಿಡುತ್ತಾರೆ. ಒಂದರಲ್ಲಿ ಅರಿಸಿನದ ಕೊಂಬನ್ನು ಬರಿದೇ ಪುಡಿಮಾಡಿ ತುಂಬಿದ ಗುಳಿಗೆಗಳಿರುತ್ತವೆ. ಇನ್ನೊಂದರ ಮೇಲೆ 'ನೂರಕ್ಕೆ 95 ಪಾಲು ಸತ್ವ' ಎಂಬ ಬರಹವಿರುತ್ತದೆ. ಮೂರನೆಯದರಲ್ಲಿ ಆ ಸತ್ವದೊಡನೆ ಕಾಳುಮೆಣಸಿನ ಸಾರವೂ ಸೇರಿರುತ್ತದೆ. ನಾಲ್ಕನೆಯದು ಜಿಡ್ಡಿನ ಪದಾರ್ಥವೊಂದರೊಡನೆ ಬೆರೆಸಿದ್ದು. ಐದನೆಯದು 'ನ್ಯಾನೊ' ಎಂಬ ಹೊಸ ಹೆಸರನ್ನು ಹೊತ್ತದ್ದು. ಎಲ್ಲ ಡಬ್ಬಿಗಳ ಮೇಲೂ ಅದೇ ಹಳದಿಯ ಕೊಂಬಿನ ಚಿತ್ರ; ಹಲವುದರ ಮೇಲೆ ಅದೇ '500 ಮಿಲಿಗ್ರಾಂ' ಎಂಬ ಅಂಕಿ. ಬೆಲೆ ಮಾತ್ರ ಬೇರೆ ಬೇರೆ. ಮೊಣಕಾಲಿನ ನೋವಿಗೆ ನಮ್ಮ ಮನೆಯ ಮದ್ದನ್ನೇ ತೆಗೆದುಕೊಳ್ಳೋಣವೆಂದು ಬಂದ ವೃದ್ಧರೊಬ್ಬರು ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಹೆಚ್ಚಿನವರು ಕೈಗೆಟಕುವ ಬೆಲೆಯದನ್ನು ಕೊಳ್ಳುತ್ತಾರೆ. ಬೆಲೆ ಏರಿದಷ್ಟೂ ಗುಣ ಏರುವುದೆಂದು ನಂಬಿದವರು ಎಲ್ಲಕ್ಕಿಂತ ದುಬಾರಿಯಾದುದನ್ನು ಕೊಳ್ಳುತ್ತಾರೆ.

ಈ ಎರಡು ಬಗೆಯವರ ಮನಸ್ಸಿನಲ್ಲಿಯೂ ಇರುವ ಊಹೆ ಒಂದೇ. ಪಾಯಸವನ್ನು ಬೆಳ್ಳಿಯ ಬಟ್ಟಲಲ್ಲಿ ಬಡಿಸಿದರೂ ದೊನ್ನೆಯಲ್ಲಿ ಬಡಿಸಿದರೂ ಪಾಯಸವೇ. ಹಾಗೆಯೇ ಅರಿಸಿನವು ಯಾವ ರೂಪದಲ್ಲಿದ್ದರೂ ಅರಿಸಿನವೇ, ಹಿತವಲ್ಲದೆ ಅಹಿತವನ್ನು ಮಾಡಲಾರದು ಎಂಬುದೇ ಆ ಊಹೆ. ಅದು ಸರಿಯಲ್ಲ. ಭೌತವಿಜ್ಞಾನವನ್ನು ಬೋಧಿಸುವವನಿಗೆ ಔಷಧದ ಗೊಡವೆ ಏಕೆಂದು ವಾಚಕರು ಕೇಳಿಯಾರು. ಯಾವ ರೋಗಕ್ಕೆ ಯಾವ ಮದ್ದೆಂಬುದನ್ನು ಹೇಳಬೇಕಾದವರು ವೈದ್ಯರೇ ಸರಿ. ಆದರೆ ಒಂದು ಪದಾರ್ಥವು ಎಷ್ಟು ಸಣ್ಣ ಕಣಗಳಾಗಿದೆ, ಯಾವುದರಲ್ಲಿ ಕರಗುತ್ತದೆ, ಎಷ್ಟು ಬೇಗ ಕರಗುತ್ತದೆ ಎಂಬಿವು ಭೌತವಿಜ್ಞಾನದ ಪ್ರಶ್ನೆಗಳು. ಈ ಡಬ್ಬಿಗಳೊಳಗಿನ ವ್ಯತ್ಯಾಸವು ಬಹುಮಟ್ಟಿಗೆ ಅಡಗಿರುವುದೂ ಅಲ್ಲಿಯೇ.

ಮೊದಲು ಕೊಂಬಿನಲ್ಲಿ ಏನಿದೆಯೆಂಬುದನ್ನು ನೋಡೋಣ. ಗಿಡದ ನೆಲದಡಿಯ ಕಾಂಡವನ್ನು ಅಗೆದು, ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಟ್ಟದ್ದೇ ನಾವು ಕೊಳ್ಳುವ ಅರಿಸಿನದ ಕೊಂಬು. ಅದರ ಬಹುಪಾಲು ಪಿಷ್ಟ ಮತ್ತು ನಾರು. ಸುವಾಸನೆಗೆ ಕಾರಣವಾದ ತೈಲವೊಂದು ನೂರಕ್ಕೆ ಕೆಲವು ಪಾಲು ಇರುತ್ತದೆ. ಬಣ್ಣಕ್ಕೆ ಕಾರಣವಾದದ್ದು ಕರ್ಕ್ಯುಮಿನ್ ಎಂಬ ವಸ್ತು ಮತ್ತು ಅದರ ಹತ್ತಿರದ ಬಂಧುಗಳಾದ ಇನ್ನೆರಡು ವಸ್ತುಗಳು. ವೋಗೆಲ್ ಮತ್ತು ಪೆಲ್ಲೆಟಿಯೆ ಎಂಬವರು ಈ ಹಳದಿಯ ವಸ್ತುವನ್ನು ಕೊಂಬಿನಿಂದ ಬೇರ್ಪಡಿಸಿದುದು 1815ರಲ್ಲಿ. ಅದರ ಅಣುವಿನ ರಚನೆ ಸ್ಪಷ್ಟವಾದುದು ಸುಮಾರು ನೂರು ವರ್ಷಗಳ ತರುವಾಯ, 1910ರಲ್ಲಿ. ಸಾಮಾನ್ಯ ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ನಿನ ಪ್ರಮಾಣ ನೂರಕ್ಕೆ ಸುಮಾರು 3 ಪಾಲು. ಮೇಘಾಲಯದ ಲಕಡೊಂಗ್ ತಳಿಯಲ್ಲಿ ಇದರ ಎರಡರಷ್ಟಕ್ಕೂ ಹೆಚ್ಚು ಇರುವುದುಂಟು.

ಈ 'ನೂರಕ್ಕೆ ಮೂರು' ಎಂಬ ಅಂಕಿಯೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಡಬ್ಬಿಯ ಮೇಲಿನ ಬರಹವನ್ನು ಓದುವುದು ಸುಲಭವಾಗುತ್ತದೆ. ಪುಡಿ ತುಂಬಿದ 500 ಮಿಲಿಗ್ರಾಂ ಗುಳಿಗೆಯಲ್ಲಿರುವ ಕರ್ಕ್ಯುಮಿನ್ 15 ಮಿಲಿಗ್ರಾಂ. ನೂರಕ್ಕೆ 95 ಪಾಲಿನ ಸತ್ವ ತುಂಬಿದ 500 ಮಿಲಿಗ್ರಾಂ ಗುಳಿಗೆಯಲ್ಲಿ ಹಳದಿಯ ವಸ್ತು 475 ಮಿಲಿಗ್ರಾಂ, ಎಂದರೆ ಮೂವತ್ತು ಪಟ್ಟಿಗಿಂತಲೂ ಹೆಚ್ಚು. ಒಂದು ಚಹಾ ಚಮಚ ಅರಿಸಿನದ ಪುಡಿ ಸುಮಾರು 3 ಗ್ರಾಂ ತೂಗುತ್ತದೆಂದು ಹಿಡಿದರೆ, ಸತ್ವದ ಒಂದೇ ಗುಳಿಗೆ ಐದು ಚಮಚ ಪುಡಿಗೆ ಸಮ. ದಿನಕ್ಕೆ ಎರಡು ಗುಳಿಗೆಯೆಂದರೆ ಹತ್ತು ಚಮಚ. ಯಾವ ಗೃಹಿಣಿಯೂ ಒಬ್ಬರ ಊಟಕ್ಕೆ ಅಷ್ಟು ಅರಿಸಿನವನ್ನು ಸುರಿಯುವುದಿಲ್ಲ. ಸುರಿದರೆ ಉಣ್ಣುವವರು ಯಾರೂ ಇರಲಾರರು! ಎರಡು ಡಬ್ಬಿಗಳ ಮೇಲೆಯೂ 500 ಎಂಬ ಅಂಕಿಯೇ ಇರುವುದರಿಂದ ಈ ಅಗಾಧ ಅಂತರ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ಆದರೆ ನುಂಗಿದ ಮಾತ್ರಕ್ಕೆ ಅಷ್ಟೂ ರಕ್ತವನ್ನು ಸೇರುವುದೆಂದು ತಿಳಿಯಬಾರದು. ಕರ್ಕ್ಯುಮಿನ್ನಿನ ವಿಚಿತ್ರವೆಲ್ಲ ಇರುವುದು ಇಲ್ಲಿಯೇ. ಅರಿಸಿನದ ಪುಡಿಯನ್ನು ತಣ್ಣೀರಿಗೆ ಹಾಕಿ ಕದಡಿದರೆ ನೀರು ಹಳದಿಯಾಗಿ ಕಂಡರೂ ಸ್ವಲ್ಪ ಹೊತ್ತಿನಲ್ಲಿಯೇ ಪುಡಿ ತಳಕ್ಕೆ ಇಳಿಯುತ್ತದೆ. ಕಂಡದ್ದು ತೇಲುವ ಕಣಗಳ ಬಣ್ಣವೇ ಹೊರತು ಕರಗಿದ ಬಣ್ಣವಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಅದು ಕರಗುತ್ತದೆ. ಒಗ್ಗರಣೆಯ ಸಾಸುವೆ ಸಿಡಿದ ಮೇಲೆ ಕಾದ ಎಣ್ಣೆಗೆ ಚಿಟಿಕೆ ಅರಿಸಿನ ಹಾಕುವ ನಮ್ಮ ಪದ್ಧತಿ ಈ ಗುಣಕ್ಕೆ ಚೆನ್ನಾಗಿ ಹೊಂದುತ್ತದೆ. ಚಿತ್ರಾನ್ನದ ಪ್ರತಿಯೊಂದು ಅಗುಳಿಗೂ ಬಣ್ಣ ಹತ್ತುವುದು ಎಣ್ಣೆಯ ಉಪಕಾರದಿಂದ.

ಅದರ ಇನ್ನೊಂದು ಸ್ವಭಾವವನ್ನು ನಮ್ಮ ಮದುವೆಯ ಮನೆಗಳು ಬಲ್ಲವು. ಅರಿಸಿನದ ನೀರಿಗೆ ಸುಣ್ಣ ಬೆರೆಸಿದೊಡನೆ ಅದು ಕೆಂಪಾಗಿ ಓಕುಳಿಯಾಗುತ್ತದೆ. ಕ್ಷಾರದ ಸಂಪರ್ಕದಲ್ಲಿ ಅಣುವಿನ ರೂಪ ಬದಲಾಗುವುದೇ ಇದಕ್ಕೆ ಕಾರಣ. ಬಣ್ಣ ಬದಲಾಗುವುದಷ್ಟೇ ಅಲ್ಲ, ಅಂತಹ ಸ್ಥಿತಿಯಲ್ಲಿ ಕರ್ಕ್ಯುಮಿನ್ ಬಹುಕಾಲ ಉಳಿಯುವುದೂ ಇಲ್ಲ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ದ್ರಾವಣದಲ್ಲಿ, ದೇಹದ ಉಷ್ಣತೆಯಲ್ಲಿ, ಅರ್ಧ ಗಂಟೆಯೊಳಗೆ ಅದರ ನೂರಕ್ಕೆ 90 ಪಾಲು ಒಡೆದುಹೋಗುತ್ತದೆಂದು 1997ರ ಪ್ರಯೋಗವೊಂದು ತೋರಿಸಿತು. ನಮ್ಮ ಸಣ್ಣ ಕರುಳಿನ ಸ್ಥಿತಿ ಇದಕ್ಕೆ ಬಹಳ ದೂರದ್ದಲ್ಲ.

ಕರಗದೆ ಉಳಿದದ್ದು ಮಲದೊಡನೆ ಹೊರಹೋಯಿತು, ಒಡೆದದ್ದು ಒಡೆಯಿತು, ಅಳಿದುಳಿದು ಕರುಳಿನ ಗೋಡೆಯನ್ನು ಹೊಕ್ಕ ಅಲ್ಪಸ್ವಲ್ಪಕ್ಕೆ ಇನ್ನೊಂದು ಸುಂಕದ ಕಟ್ಟೆಯಿದೆ. ಕರುಳಿನ ಗೋಡೆಯೂ ಯಕೃತ್ತೂ ಪರಕೀಯ ವಸ್ತುಗಳಿಗೆ ಸಕ್ಕರೆಯ ಜಾತಿಯ ಅಣುವೊಂದನ್ನು ತಗುಲಿಸಿ, ಅವುಗಳನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರದೂಡುತ್ತವೆ. ಕರ್ಕ್ಯುಮಿನ್ನಿಗೆ ಈ ಸತ್ಕಾರ ಬಹು ಬೇಗನೆ ನಡೆಯುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12 ಮಂದಿ ಆರೋಗ್ಯವಂತರಿಗೆ 10 ಅಥವಾ 12 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತವನ್ನು ಪರೀಕ್ಷಿಸಿದಾಗ, ಮಾರ್ಪಡದ ಮೂಲರೂಪದ ಕರ್ಕ್ಯುಮಿನ್ ಕಂಡುಬಂದುದು ಒಬ್ಬರಲ್ಲಿ ಮಾತ್ರ. 10 ಗ್ರಾಂ ಎಂದರೆ ಸತ್ವದ ಇಪ್ಪತ್ತು ಗುಳಿಗೆಗಳು!

ದುಬಾರಿ ಡಬ್ಬಿಗಳೆಲ್ಲ ಹುಟ್ಟಿದುದು ಈ ಅಡ್ಡಿಗಳನ್ನು ದಾಟಿಸುವ ಉಪಾಯಗಳಾಗಿ. ಉಪಾಯಗಳು ಸ್ಥೂಲವಾಗಿ ಮೂರು ಬಗೆಯವು.

ಮೊದಲನೆಯದು, ಅರೆಯುವುದು. ಕಲ್ಲುಸಕ್ಕರೆಗಿಂತ ಪುಡಿ ಸಕ್ಕರೆ ಬೇಗ ಕರಗುವುದನ್ನು ಎಲ್ಲರೂ ಕಂಡಿದ್ದಾರೆ. ಕರಗುವಿಕೆಯ ವೇಗವು ದ್ರವಕ್ಕೆ ತೆರೆದಿರುವ ಮೈಯ ವಿಸ್ತೀರ್ಣವನ್ನು ಅವಲಂಬಿಸಿದೆಯೆಂಬ ನಿಯಮವನ್ನು ನಾಯ್ಸ್ ಮತ್ತು ವಿಟ್ನಿ ಎಂಬ ಅಮೆರಿಕದ ವಿಜ್ಞಾನಿಗಳು 1897ರಲ್ಲಿ ಗಣಿತದ ರೂಪದಲ್ಲಿ ಹೇಳಿದರು. ಒಂದು ಸೆಂಟಿಮೀಟರ್ ಅಂಚಿನ ಘನವೊಂದನ್ನು ಕಲ್ಪಿಸಿಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್, ಒಂದು ಅಂಚೆಚೀಟಿಯಷ್ಟು. ಅದನ್ನು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಅಂಚುಳ್ಳ ಘನಗಳಾಗಿ ಕತ್ತರಿಸಿದರೆ ನೂರು ಕೋಟಿ ತುಂಡುಗಳಾಗುತ್ತವೆ. ಅವುಗಳೆಲ್ಲದರ ಮೈಯ ವಿಸ್ತೀರ್ಣ ಸಾವಿರ ಪಟ್ಟು ಹೆಚ್ಚುತ್ತದೆ. ಇನ್ನೂ ನೂರು ಪಟ್ಟು ಸಣ್ಣದಾಗಿ, ಎಂದರೆ 'ನ್ಯಾನೊ' ಎಂಬ ಹೆಸರಿಗೆ ತಕ್ಕಷ್ಟು ಸಣ್ಣದಾಗಿ ಕತ್ತರಿಸಿದರೆ ವಿಸ್ತೀರ್ಣ 60 ಚದರ ಮೀಟರು: ಒಂದು ಸಣ್ಣ ಮನೆಯ ನೆಲದಷ್ಟು. ವಸ್ತುವಿನ ತೂಕ ಒಂದು ಕೂದಲಿನಷ್ಟೂ ಹೆಚ್ಚಿಲ್ಲ. ಆದರೆ ಅಂಚೆಚೀಟಿ ಮನೆಯಾಯಿತು. ಅಡಿಗೆಯ ಪುಡಿಯ ಕಣಗಳು ಇಷ್ಟು ಸಣ್ಣವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು, ಜಿಡ್ಡಿನ ಅಥವಾ ಸಾಬೂನಿನಂತಹ ವಸ್ತುವಿನ ನೆರವು. ಸಾಬೂನಿನ ಅಣುವಿಗೆ ಒಂದು ತುದಿಯಲ್ಲಿ ನೀರಿನ ಮೇಲೆ ಪ್ರೀತಿ, ಮತ್ತೊಂದು ತುದಿಯಲ್ಲಿ ಎಣ್ಣೆಯ ಮೇಲೆ. ಇಂತಹ ಅಣುಗಳು ಗುಂಪುಗೂಡಿ, ಎಣ್ಣೆಯನ್ನು ಪ್ರೀತಿಸುವ ತುದಿಗಳನ್ನು ಒಳಮುಖ ಮಾಡಿಕೊಂಡು, ಬಹು ಸಣ್ಣ ಗೋಳಗಳಾಗುತ್ತವೆ. ಅವಕ್ಕೆ ಮೈಸೆಲ್ ಎಂದು ಹೆಸರು. ಬಟ್ಟೆಯ ಜಿಡ್ಡನ್ನು ನೀರು ಹೊತ್ತೊಯ್ಯುವುದು ಹೀಗೆಯೇ. ನಮ್ಮ ಪಿತ್ತರಸ ತುಪ್ಪವನ್ನು ಅರಗಿಸಲು ನೆರವಾಗುವುದೂ ಹೀಗೆಯೇ. ಕರ್ಕ್ಯುಮಿನ್ನನ್ನು ಮೊದಲೇ ಇಂತಹ ಗೋಳಗಳೊಳಗೆ ಸೇರಿಸಿ ಗುಳಿಗೆ ಮಾಡಿದರೆ ಅದು ಕರುಳಿನ ನೀರಿನಲ್ಲಿ ಸರಾಗವಾಗಿ ಸಂಚರಿಸುತ್ತದೆ. ಜರ್ಮನಿಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 23 ಮಂದಿಗೆ ಒಂದೇ ಪ್ರಮಾಣದ ಕರ್ಕ್ಯುಮಿನ್ನನ್ನು ಮೂರು ರೂಪಗಳಲ್ಲಿ ಬೇರೆ ಬೇರೆ ದಿನ ಕೊಟ್ಟರು. ಸಾಮಾನ್ಯ ರೂಪಕ್ಕೆ ಹೋಲಿಸಿದರೆ ನುಣ್ಣಗೆ ಅರೆದ ಪುಡಿಯಿಂದ ರಕ್ತಕ್ಕೆ ಸೇರಿದ್ದು 9 ಪಟ್ಟು. ಮೈಸೆಲ್ ರೂಪದಿಂದ 185 ಪಟ್ಟು.

ಮೂರನೆಯ ಉಪಾಯದಲ್ಲಿ ನಮ್ಮ ಬೆಂಗಳೂರಿಗೆ ಪಾಲಿದೆ. ಅದೆಂದರೆ ಸುಂಕದ ಕಟ್ಟೆಯ ಕಾವಲುಗಾರನ ಕೈಯನ್ನೇ ಕಟ್ಟಿಹಾಕುವುದು. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪೆರಿನ್ ಎಂಬ ವಸ್ತುವು, ಕರುಳು ಮತ್ತು ಯಕೃತ್ತುಗಳು ಪರಕೀಯ ವಸ್ತುವನ್ನು ಹೊರದೂಡುವ ಕ್ರಿಯೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಕೆಲವು ಮಂದಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ನನ್ನು ಒಮ್ಮೆ ಒಂಟಿಯಾಗಿಯೂ ಒಮ್ಮೆ 20 ಮಿಲಿಗ್ರಾಂ ಪೈಪೆರಿನ್ನಿನೊಡನೆಯೂ ಕೊಟ್ಟು, ಎರಡನೆಯ ಸಲ ರಕ್ತಕ್ಕೆ ಸೇರಿದ ಪ್ರಮಾಣ ನೂರಕ್ಕೆ 2000ದಷ್ಟು ಹೆಚ್ಚಿತೆಂದು 1998ರಲ್ಲಿ ವರದಿ ಮಾಡಿದರು. ಈ ಅಂಕಿ ಅಂದಿನಿಂದ ಲೋಕವನ್ನೆಲ್ಲ ಸುತ್ತುತ್ತಿದೆ. ಇಂದಿಗೂ ಮೆಣಸು ಸೇರಿದ ಯಾವ ಡಬ್ಬಿಯನ್ನು ನೋಡಿದರೂ ಅದು ಒಂದಲ್ಲ ಒಂದು ರೂಪದಲ್ಲಿ ಇಣುಕುತ್ತದೆ.

ಅಂಕಿ ನಿಜವೇ, ಅದನ್ನು ಓದುವಾಗ ಎರಡು ಎಚ್ಚರಿಕೆಗಳು ಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಹೇಳುವುದುಂಟು: ಛೇದ ಸೊನ್ನೆಯ ಬಳಿ ಇರುವಾಗ ಭಾಗಲಬ್ಧವನ್ನು ಕಂಡು ಹಿಗ್ಗಬೇಡಿರೆಂದು. ಆ ಪ್ರಯೋಗದಲ್ಲಿ ಕರ್ಕ್ಯುಮಿನ್ನನ್ನು ಒಂಟಿಯಾಗಿ ಕೊಟ್ಟಾಗ ರಕ್ತದಲ್ಲಿ ಕಂಡದ್ದು ಅಳತೆಗೆ ಸಿಕ್ಕದಷ್ಟು ಅಥವಾ ಬಹು ಸ್ವಲ್ಪ. ಅದರ ಇಪ್ಪತ್ತು ಪಟ್ಟೂ ದೊಡ್ಡ ಪ್ರಮಾಣವೇನಲ್ಲ. ಎರಡನೆಯದಾಗಿ, 2 ಗ್ರಾಂ ಕರ್ಕ್ಯುಮಿನ್ ಎಂದರೆ ಸುಮಾರು 65 ಗ್ರಾಂ ಅರಿಸಿನದ ಪುಡಿ, ಇಪ್ಪತ್ತು ಚಮಚಕ್ಕೂ ಮೇಲೆ. 20 ಮಿಲಿಗ್ರಾಂ ಪೈಪೆರಿನ್ ಎಂದರೆ ಸುಮಾರು ಹತ್ತು ಕಾಳು ಮೆಣಸು. ಬಿಸಿ ಹಾಲಿಗೆ ಚಿಟಿಕೆ ಅರಿಸಿನ, ಎರಡು ಕಾಳು ಮೆಣಸು ಹಾಕಿ ಕುಡಿಯುವವರು ಗಂಟಲಿಗೆ ಹಿತವೆಂದು ಕುಡಿಯಲಿ. ಆ ಎರಡು ಸಾವಿರದ ಅಂಕಿಯನ್ನು ಆ ಲೋಟಕ್ಕೆ ಅಂಟಿಸುವುದು ಮಾತ್ರ ಸಲ್ಲದು. ಜರ್ಮನಿಯ 185ನ್ನೂ ಬೆಂಗಳೂರಿನ 2000ವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದೂ ಸರಿಯಲ್ಲ. ಜರ್ಮನಿಯವರು ಸಕ್ಕರೆಯ ಅಣು ತಗುಲಿ ಮಾರ್ಪಟ್ಟ ಕರ್ಕ್ಯುಮಿನ್ನನ್ನೂ ಮೂಲರೂಪಕ್ಕೆ ತಂದು ಒಟ್ಟು ಲೆಕ್ಕ ಹಿಡಿದವರು. ಹೀಗೆ ಅಳೆದದ್ದೇ ಬೇರೆಯಾದಾಗ, ಒಂದು ಡಬ್ಬಿಯ 'ಪಟ್ಟು' ಇನ್ನೊಂದರ 'ಪಟ್ಟಿ'ಗೆ ತೂಗುವುದಿಲ್ಲ.

ಇಷ್ಟೆಲ್ಲ ಸಾಹಸದಿಂದ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ರೋಗಿಗೆ ಏನು ಮಾಡಿತು? ಉತ್ತರ ಡಬ್ಬಿಯ ಮೇಲಿನಷ್ಟು ಉತ್ಸಾಹದ್ದಲ್ಲ. ಗಾಜಿನ ನಳಿಕೆಯಲ್ಲಿ ಅದು ನೂರಾರು ಪವಾಡಗಳನ್ನು ಮಾಡಿದಂತೆ ಕಾಣುತ್ತದೆ. ಆದರೆ ಅದು ಸ್ವತಃ ಗಾಢ ಬಣ್ಣದ್ದು. ಅತಿನೇರಿಳೆ ಬೆಳಕಿನಲ್ಲಿ ಹಸುರುಹಳದಿಯಾಗಿ ಹೊಳೆಯುವಂಥದು. ಬಣ್ಣ ಮತ್ತು ಹೊಳಪುಗಳ ಮೂಲಕ ಫಲಿತಾಂಶವನ್ನು ಅಳೆಯುವ ಪರೀಕ್ಷೆಗಳನ್ನು ಇಂತಹ ವಸ್ತು ಸುಲಭವಾಗಿ ಮೋಸಗೊಳಿಸಬಲ್ಲದು. ಅಮೆರಿಕದ ರಸಾಯನವಿಜ್ಞಾನಿಗಳ ತಂಡವೊಂದು 2017ರಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಆವರೆಗೆ ಮನುಷ್ಯರ ಮೇಲೆ ನಡೆದ 120ಕ್ಕೂ ಹೆಚ್ಚು ಪ್ರಯೋಗಗಳಿಂದ ಖಚಿತವಾದ ಗುಣವೊಂದೂ ಸ್ಥಿರಪಟ್ಟಿಲ್ಲವೆಂದು ತೀರ್ಪಿತ್ತಿತು. ಇದು ತುಸು ಕಠಿಣವಾಯಿತೆಂದು ನನ್ನ ಭಾವನೆ. ಮೊಣಕಾಲಿನ ನೋವಿನ ವಿಷಯದಲ್ಲಿ ಫಲ ಅಷ್ಟು ನಿರಾಶಾದಾಯಕವಲ್ಲ. ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ 70 ಮಂದಿ ರೋಗಿಗಳ ಮೇಲೆ 12 ವಾರ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅರಿಸಿನದ ಸಾರವನ್ನು ತೆಗೆದುಕೊಂಡವರ ನೋವು ಹುಸಿಗುಳಿಗೆ ನುಂಗಿದವರದಕ್ಕಿಂತ ನೂರು ಅಂಶಗಳ ಅಳತೆಗೋಲಿನಲ್ಲಿ ಸುಮಾರು 9 ಅಂಶ ಹೆಚ್ಚಾಗಿ ಇಳಿಯಿತು. ಕೀಲಿನೊಳಗಿನ ಊತದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದು ಅಲ್ಪವಾದರೂ ಲಾಭವೇ.

ಲಾಭ ಇಷ್ಟಿರುವಾಗ ನಷ್ಟವೆಷ್ಟು? 2019ರಲ್ಲಿ ಇಟಲಿಯ ಆರೋಗ್ಯ ಇಲಾಖೆಗೆ ಅರಿಸಿನದ ಗುಳಿಗೆಗಳನ್ನು ನುಂಗುತ್ತಿದ್ದವರಲ್ಲಿ ಯಕೃತ್ತಿನ ಉರಿಯೂತ ಉಂಟಾದ ವರದಿಗಳು ಒಂದರ ಮೇಲೊಂದು ಬಂದವು. 2022ರಲ್ಲಿ ಆ ದೇಶವು ಇಂತಹ ಡಬ್ಬಿಗಳ ಮೇಲೆ ಎಚ್ಚರಿಕೆಯ ಬರಹವನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಅಮೆರಿಕದ ವೈದ್ಯರು ಅರಿಸಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಹತ್ತು ಮಂದಿಯ ವಿವರವನ್ನು ಪ್ರಕಟಿಸಿದರು. ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ಆನುವಂಶಿಕ ಲಕ್ಷಣವಿತ್ತು. ಲಕ್ಷಾಂತರ ಮಂದಿ ಈ ಗುಳಿಗೆಗಳನ್ನು ನುಂಗುತ್ತಿರುವಾಗ ಹತ್ತಿಪ್ಪತ್ತು ಪ್ರಕರಣಗಳು ಅಪರೂಪವೆನ್ನಬೇಕು. ಆದರೆ ಆ ಲಕ್ಷಣ ತನ್ನಲ್ಲಿದೆಯೋ ಇಲ್ಲವೋ ಎಂಬುದು ಅಂಗಡಿಯ ಮುಂದೆ ನಿಂತವರಿಗೆ ಹೇಗೆ ತಿಳಿಯಬೇಕು? ಆಸ್ಟ್ರೇಲಿಯದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸುವಾಗ ಎರಡು ಮಾತುಗಳನ್ನು ಸ್ಪಷ್ಟಪಡಿಸಿತು: ರಕ್ತಕ್ಕೆ ಹೆಚ್ಚಾಗಿ ಸೇರುವಂತೆ ಮಾಡಿದ ರೂಪಗಳಲ್ಲಿಯೂ ಹೆಚ್ಚಿನ ಪ್ರಮಾಣದಲ್ಲಿಯೂ ಅಪಾಯ ಅಧಿಕವಿರಬಹುದು, ಊಟದಲ್ಲಿ ಬಳಸುವ ಅರಿಸಿನಕ್ಕೆ ಈ ಎಚ್ಚರಿಕೆ ಅನ್ವಯಿಸುವಂತೆ ಕಾಣುವುದಿಲ್ಲ.

ಇಲ್ಲಿಯೇ ನಮ್ಮ ಮೊದಲಿನ ಊಹೆ ಮುರಿದುಬೀಳುತ್ತದೆ. ಅರಿಸಿನ ನಿರಪಾಯವೆಂದು ನಾವು ತಲೆತಲಾಂತರದಿಂದ ಕಂಡುಕೊಂಡಿರುವುದು ಸಾರಿನ ಅರಿಸಿನದಿಂದ, ಎಂದರೆ ದಿನಕ್ಕೆ ಹತ್ತಾರು ಮಿಲಿಗ್ರಾಂ ಕರ್ಕ್ಯುಮಿನ್ನಿನಿಂದ, ಅದರಲ್ಲಿಯೂ ರಕ್ತಕ್ಕೆ ಇಳಿಯದ ರೂಪದಿಂದ. ಆಹಾರದ ಬಣ್ಣವಾಗಿ ಕರ್ಕ್ಯುಮಿನ್ನನ್ನು ದೇಹದ ತೂಕದ ಕಿಲೋಗ್ರಾಮಿಗೆ 3 ಮಿಲಿಗ್ರಾಮಿನವರೆಗೆ, ಎಂದರೆ 60 ಕಿಲೋಗ್ರಾಂ ತೂಗುವವರು ದಿನಕ್ಕೆ 180 ಮಿಲಿಗ್ರಾಮಿನವರೆಗೆ ಸೇವಿಸಬಹುದೆಂದು ಐರೋಪ್ಯ ಆಹಾರ ಸಂಸ್ಥೆ ಗೊತ್ತುಮಾಡಿದೆ. ಸತ್ವದ ಒಂದು ಗುಳಿಗೆಯೇ ಇದನ್ನು ದಾಟುತ್ತದೆ. 185 ಪಟ್ಟು ಒಳಸೇರುವ ರೂಪಕ್ಕೆ ಈ ಮಿತಿಯನ್ನು ಹಾಗೆಯೇ ಹಚ್ಚುವುದಂತೂ ಅರ್ಥವಿಲ್ಲದ ಮಾತು. ಅಡ್ಡಿಯನ್ನು ತೆಗೆದು ಗುಣವನ್ನು ಹೆಚ್ಚಿಸಿದೆವೆನ್ನುವವರು, ಆ ಅಡ್ಡಿಯೇ ಇಷ್ಟು ಕಾಲ ನಮ್ಮನ್ನು ಕಾಯುತ್ತಿತ್ತೆಂಬುದನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ.

ಮೆಣಸಿನ ಸಾರ ಸೇರಿದ ಗುಳಿಗೆಯ ವಿಷಯದಲ್ಲಿ ಇನ್ನೂ ಒಂದು ಮಾತುಂಟು. ಕೈ ಕಟ್ಟಿಸಿಕೊಂಡ ಕಾವಲುಗಾರ ಅರಿಸಿನವನ್ನು ಮಾತ್ರವೇ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಬಂದವರನ್ನೆಲ್ಲ ಬಿಡುತ್ತಾನೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಎಂಬ ಮದ್ದುಗಳು ಪೈಪೆರಿನ್ನಿನೊಡನೆ ರಕ್ತದಲ್ಲಿ ಹೆಚ್ಚಾಗುವುದು 1991ರಲ್ಲಿಯೇ ತೋರಿಬಂದಿತ್ತು. ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು: ಜಮ್ಮುವಿನ ಸರ್ಕಾರಿ ಸಂಶೋಧನಾಲಯದ ಶ್ರಮದಿಂದ, ಪೈಪೆರಿನ್ ಸೇರಿಸಿ ರಿಫಾಂಪಿಸಿನ್ನಿನ ಪ್ರಮಾಣವನ್ನು ಇಳಿಸಿದ ಕ್ಷಯದ ಔಷಧವೊಂದು 2009ರಲ್ಲಿ ಮಾರುಕಟ್ಟೆಗೆ ಬಂದಿತು. ಆದರೆ ಅಲ್ಲಿ ಲೆಕ್ಕ ಹಾಕಿದವರು ವೈದ್ಯರು. ಮೊಣಕಾಲಿನ ನೋವಿರುವ ವಯಸ್ಸಿನವರಲ್ಲಿ ಬಹುಮಂದಿ ರಕ್ತದೊತ್ತಡಕ್ಕೋ ಹೃದಯಕ್ಕೋ ದಿನವೂ ಮಾತ್ರೆ ನುಂಗುವವರೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರು ಅರಿಸಿನದ ಗುಳಿಗೆಯನ್ನು ಆರಂಭಿಸಿದ ಮೇಲೆ, 2ರಿಂದ 3ರವರೆಗೆ ಇರಬೇಕಾದ ಅವರ ರಕ್ತದ ಅಳತೆ 10ನ್ನು ಮೀರಿದುದನ್ನು ನ್ಯೂಜಿಲೆಂಡಿನ ಔಷಧ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಅಂತಹ ಸ್ಥಿತಿಯಲ್ಲಿ ಸಣ್ಣ ಪೆಟ್ಟೂ ಪ್ರಾಣಾಂತಿಕವಾಗಬಲ್ಲದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಿತ್ಯದ ಊಟಕ್ಕೆ ಪುಡಿಯೇ ಸಾಕು. ಅದನ್ನೇ ಗುಳಿಗೆಯಲ್ಲಿ ತುಂಬಿದ್ದಕ್ಕೆ ಹೆಚ್ಚಿನ ಹಣ ತೆರುವುದು ನನ್ನ ಮಟ್ಟಿಗೆ ವ್ಯರ್ಥ. ನೋವಿಗೆ ಸತ್ವವನ್ನು ತೆಗೆದುಕೊಳ್ಳಬೇಕೆನ್ನುವವರು ಅದನ್ನು ಮನೆಮದ್ದೆಂದು ಭಾವಿಸದೆ ಔಷಧವೆಂದೇ ಎಣಿಸಿ, ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ತಾವು ನುಂಗುವ ಇತರ ಮಾತ್ರೆಗಳನ್ನೂ ಹೇಳಿ ಆಮೇಲೆ ಆರಂಭಿಸಲಿ. ಪಿತ್ತಕೋಶದಲ್ಲಿ ಕಲ್ಲಿರುವವರೂ ಯಕೃತ್ತಿನ ರೋಗವಿದ್ದವರೂ ದೂರವಿರುವುದೇ ಲೇಸು. ನಡುವೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಅದು ಗುಳಿಗೆಯ ಬಣ್ಣವೆಂದು ಸಮಾಧಾನಪಟ್ಟುಕೊಳ್ಳದೆ ಒಡನೆಯೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಪುಡಿಯಲ್ಲಿಯೂ ಮೋಸವಿಲ್ಲದಿಲ್ಲ. ಬಾಂಗ್ಲಾದೇಶದಲ್ಲಿ ಕೊಂಬಿಗೆ ಹೊಳಪು ಕೊಡುವಾಗ ಸೀಸದ ಕ್ರೋಮೇಟ್ ಎಂಬ ವಿಷದ ಹಳದಿಯನ್ನು ಸವರುತ್ತಿದ್ದುದನ್ನು ಸಂಶೋಧಕರು 2019ರಲ್ಲಿ ಬಯಲಿಗೆ ತಂದರು. ಆ ವರ್ಷ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಅದು ಕಂಡುಬಂದಿತ್ತು. ಸರ್ಕಾರ ದಂಡನೆಗೂ ಪ್ರಚಾರಕ್ಕೂ ತೊಡಗಿದ ಮೇಲೆ 2021ರಲ್ಲಿ ಒಂದರಲ್ಲಿಯೂ ಕಾಣಲಿಲ್ಲ. ಕಲಬೆರಕೆ ಕೊಂಬಿನ ಮೈಮೇಲೆಯೇ ನಡೆಯುವುದರಿಂದ, ಇಡೀ ಕೊಂಬನ್ನು ಕೊಂಡೆವೆಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಕಣ್ಣು ಕುಕ್ಕುವಷ್ಟು ಹಳದಿಯಾದ ಕೊಂಬಿಗಿಂತ ಮಸುಕಾಗಿ, ತುಸು ಒರಟಾಗಿರುವ ಕೊಂಬನ್ನು ಆರಿಸುವುದು ಮೇಲು. ತಂದ ಮೇಲೆ ಪುಡಿಯನ್ನು ಬಿಸಿಲು ಬೀಳದ ಕಡೆ, ಬೆಳಕು ತೂರದ ಡಬ್ಬಿಯಲ್ಲಿ ಇಡಬೇಕು. ಬಿಳಿಯ ಪಂಚೆಗೆ ತಗುಲಿದ ಸಾರಿನ ಕಲೆ ಒಗೆದಾಗ ಹೋಗದಿದ್ದರೂ ಬಿಸಿಲಿಗೆ ಹರವಿದರೆ ಮಾಸಿಹೋಗುವುದನ್ನು ಎಲ್ಲರೂ ಬಲ್ಲರು; ಪಂಚೆಯ ಮೇಲೆ ನಡೆಯುವ ಆ ಕ್ರಿಯೆಯೇ ಕಿಟಕಿಯ ಬಳಿಯ ಗಾಜಿನ ಸೀಸೆಯಲ್ಲಿಯೂ ನಡೆಯುತ್ತದೆ.